ಗಾಳಿ ಹೊರುವ ಗಾಡಿ

ಬೀಡಿ ಕಟ್ಟುವವರಿಗೆ ತೂಕದ ಮೇಲೆ ಯಾವಾಗಲೂ ಒಂದು ಕಣ್ಣು ಇರುತ್ತದೆ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಎಲೆಯನ್ನೂ ಹೊಗೆಸೊಪ್ಪಿನ ಹುಡಿಯನ್ನೂ ತೂಕ ಮಾಡಿ ಕೊಡುತ್ತಾರೆ. ಕಟ್ಟಿದ ಬೀಡಿಯನ್ನು ನಾವು ಎಣಿಸಿ ಕೊಡುತ್ತೇವೆ. ಎಲೆ ಕಡಿಮೆ ಬಂತು, ಹುಡಿ ಒದ್ದೆ ಇತ್ತು ಅಂತ ದಿನಾ ಒಂದು ಜಗಳ. ಹದಿಮೂರು ವರ್ಷ ಆ ಕೆಲಸ ಮಾಡಿದ ಕೈ ನನ್ನದು. ಮೊರ ಎತ್ತಿದರೆ ಸಾಕು, ಅದರಲ್ಲಿ ಎಷ್ಟಿದೆ ಅಂತ ಹೇಳಬಲ್ಲೆ.

ಹಾಗಿದ್ದರೂ ಕಸದ ಗಾಡಿ ಓಡಿಸಿದ ಮೊದಲ ದಿನ ಪೂರಾ ಮೋಸ ಹೋದೆ. ಗಾಡಿ ತುಂಬಿ, ಮೇಲೆ ಎರಡು ಸಾಲು ಗೋಣಿ ಏರಿಸಿ, ಹಗ್ಗ ಬಿಗಿದಿದ್ದೆವು. ಹಿಂದಿನ ಕನ್ನಡಿಯಲ್ಲಿ ಗೋಣಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮುನ್ನೂರು ಕಿಲೋ ಆದರೂ ಇದ್ದೀತು ಅಂದುಕೊಂಡೇ ಘಟಕಕ್ಕೆ ಬಂದೆ. ಒಂದೊಂದೇ ಗೋಣಿ ತಕ್ಕಡಿಗೆ ಇಟ್ಟು ಪುಸ್ತಕದಲ್ಲಿ ಬರೆದೆವು. ಕೂಡಿಸಿದರೆ 142. ತಪ್ಪಿರಬೇಕು ಅಂತ ಮತ್ತೊಮ್ಮೆ ಕೂಡಿಸಿದೆ. ಮತ್ತೆ 142.

"ಹಾಗಾದ್ರೆ ಅಷ್ಟು ದೊಡ್ಡ ರಾಶಿ ಎಂತದ್ದು ಅಕ್ಕಾ?" ಅಂತ ಕೇಳಿದೆ.

ಗಾಡಿಯಲ್ಲಿ ನನ್ನ ಜೊತೆ ಇರುವ ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಬರುವುದಕ್ಕೆ ಮೊದಲೇ ಕೈಗಾಡಿಯಲ್ಲಿ ಕಸ ಎತ್ತಿದವರು. "ಗಾಳಿ ಮಾರಾಯ್ತಿ, ಗಾಳಿ," ಅಂದರು. ಅವರು ಅಂದದ್ದು ತಮಾಷೆಗೆ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಡೀಸೆಲ್ ಹಾಕಿಸಿದ ರಸೀದಿ ನನ್ನ ಹತ್ತಿರವೇ ಇತ್ತಲ್ಲ.

ನಮ್ಮದು ಕಾರ್ಕಳ ತಾಲೂಕಿನ ಒಂದು ಪಂಚಾಯತ್. ಮನೆಯಲ್ಲಿ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆದ ಮಾತುಗಳಲ್ಲಿ ಅರ್ಧದಷ್ಟು ತುಳುವಿನಲ್ಲಿ ಆಡಿದವು. ಸ್ವಚ್ಛ ಭಾರತ್ ಮಿಷನ್ನಿನ ಎರಡನೇ ಹಂತ 2020ರಲ್ಲಿ ಶುರುವಾದ ಮೇಲೆ ಹಳ್ಳಿಗಳಲ್ಲೂ ಕಸಕ್ಕೆ ಒಂದು ಶೆಡ್ಡು, ಒಂದು ಗಾಡಿ ಅಂತ ಬಂತು. ಗಾಡಿಗೆ ಸ್ವಚ್ಛವಾಹಿನಿ ಅಂತ ಹೆಸರು. ಶೆಡ್ಡಿಗೆ ಬೋರ್ಡಿನಲ್ಲಿ ಉದ್ದದ ಹೆಸರು ಇದೆ, ಆದರೆ ನಮ್ಮ ಕಡೆ ಎಲ್ಲರೂ ಎಸ್‌ಎಲ್‌ಆರ್‌ಎಂ ಅನ್ನುತ್ತಾರೆ. ಪೂರ್ತಿ ಹೆಸರು ಕೇಳಿದರೆ ಪಂಚಾಯತ್ ಮೆಂಬರೂ ಮೇಲೆ ನೋಡುತ್ತಾರೆ.

ಗಾಡಿ ಬಂದು ಎರಡು ತಿಂಗಳು ಪಂಚಾಯತಿನ ಎದುರು ಸುಮ್ನೆ ನಿಂತಿತ್ತು. ಡ್ರೈವಿಂಗ್ ಬರುವ ಗಂಡಸರು ಊರಲ್ಲಿ ಬೇಕಾದಷ್ಟು ಇದ್ದರು. ಕಸದ ಗಾಡಿ ಅಂದ ಕೂಡಲೇ ಒಬ್ಬರಿಗೂ ಬಿಡುವಿರಲಿಲ್ಲ. ಗಾಡಿಯನ್ನು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಂಗಸರೇ ನಡೆಸಬಹುದು, ತರಬೇತಿ ಕೊಡುತ್ತೇವೆ ಅಂತ ಸಂಘದ ಮೀಟಿಂಗಿನಲ್ಲಿ ಹೇಳಿದರು. ನಾನು ಕೈ ಎತ್ತಿದೆ. ಧೈರ್ಯದಿಂದ ಅಲ್ಲ. ಬೀಡಿಯಿಂದ ಬೆನ್ನು ಹೋಗಿತ್ತು, ಗೇಣುದ್ದದ ಎಲೆ ನೋಡಿ ನೋಡಿ ಕಣ್ಣು ಹೋಗುತ್ತಾ ಇತ್ತು. ಕೂತು ಮಾಡುವ ಕೆಲಸ ಸಾಕಾಗಿತ್ತು. ಡ್ರೈವಿಂಗೂ ಕೂತೇ ಮಾಡುವುದು ಅಂತ ಆಮೇಲೆ ಗೊತ್ತಾಯಿತು.

ಗಂಡ ಏನೂ ಹೇಳಲಿಲ್ಲ. ಅತ್ತೆ ಮಾತ್ರ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ "ಕಜವುದ ಗಾಡಿಯಾ? ಬಸ್ಸು ಓಡಿಸು, ಬೇಡ ಅನ್ನುವುದಿಲ್ಲ," ಅಂದರು.

ತರಬೇತಿಯ ಕಥೆ ಉದ್ದ ಮಾಡುವುದಿಲ್ಲ. ಎಲ್‌ಎಲ್ ಅನ್ನುವ ಕಲಿಕೆಯ ಲೈಸೆನ್ಸ್ ಮಾಡಿಸಿ ಮೂವತ್ತು ದಿನ ಕಳೆದ ಮೇಲೆಯೇ ಟೆಸ್ಟು. ಅಷ್ಟರಲ್ಲಿ ಕಲಿಯಬೇಕು. ನೇರ ಹೋಗುವುದು ಎರಡು ದಿನದಲ್ಲಿ ಬಂತು. ಏರಿನಲ್ಲಿ ನಿಲ್ಲಿಸಿ, ಹಿಂದೆ ಜಾರದ ಹಾಗೆ ಹಾಫ್ ಕ್ಲಚ್ಚಿನಲ್ಲಿ ಎತ್ತುವುದಿದೆಯಲ್ಲ, ಅದು ಬರಲು ಎರಡು ವಾರ ಬೇಕಾಯಿತು. ನಮ್ಮ ಊರಿನಲ್ಲಿ ಸಮತಟ್ಟು ಅಂತ ಇರುವುದು ಗದ್ದೆ ಮತ್ತು ಶಾಲೆಯ ಮೈದಾನ ಎರಡೇ. ಬಾಡಿಗೆ ಗಾಡಿಗೆ ಬೇರೆ ಬ್ಯಾಡ್ಜ್ ಬೇಕು ಅಂತ ಊರಲ್ಲಿ ಕೆಲವರು ಹೆದರಿಸಿದರು. ಸಣ್ಣ ಗಾಡಿಗೆ ಸಾಮಾನ್ಯ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು, 2024ರ ನವೆಂಬರಿನಲ್ಲಿ ಇನ್ನೊಮ್ಮೆ ಗಟ್ಟಿ ಮಾಡಿತು. ಹೆದರಿಸುವವರಿಗೆ ಹೇಳಲು ನನಗೆ ಈ ಎರಡು ಇಸವಿ ಬಾಯಿಪಾಠ.

ಈಗ ಕಸದ ವಿಷಯ.

ನಾವು ಎತ್ತುವುದು ಒಣ ಕಸ ಮಾತ್ರ. ಪೇಟೆಯವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮಲ್ಲಿ ಹಸಿ ಕಸ ಮನೆಯ ಗೇಟು ದಾಟುವುದೇ ಇಲ್ಲ. ಅನ್ನದ ಗಂಜಿ, ತರಕಾರಿ ಸಿಪ್ಪೆ ದನದ ಅಕ್ಕಚ್ಚಿಗೆ. ದನ ಇಲ್ಲದವರು ತೆಂಗಿನ ಬುಡಕ್ಕೆ ಹಾಕುತ್ತಾರೆ. ಮೀನಿನ ತಲೆಗೆ ಬೆಕ್ಕು, ಕಾಗೆ ಕಾಯುತ್ತಾ ಇರುತ್ತವೆ. ಕರಟ ಬಚ್ಚಲ ಒಲೆಗೆ. ಹಾಗಾದರೆ ಉಳಿಯುವುದು ಏನು? ನಲವತ್ತು ವರ್ಷದ ಹಿಂದೆ ಏನೂ ಉಳಿಯುತ್ತಿರಲಿಲ್ಲ ಅಂತ ಅತ್ತೆ ಹೇಳುತ್ತಾರೆ. ಈಗ ಹಾಲಿನ ಕವರ್, ಎಣ್ಣೆಯ ಪ್ಯಾಕೆಟ್, ಬಾಟಲಿ, ಬಿಸ್ಕೆಟ್ ಕವರ್, ಚಪ್ಪಲಿ, ಆನ್‌ಲೈನಿನಲ್ಲಿ ಬಂದ ರಟ್ಟಿನ ಪೆಟ್ಟಿಗೆ.

ಇದೆಲ್ಲ ಗಾಡಿ ಬರುವ ಮೊದಲು ಎಲ್ಲಿಗೆ ಹೋಗುತ್ತಿತ್ತು ಅಂತ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಾನೂ ಅದನ್ನೇ ಮಾಡುತ್ತಿದ್ದೆ. ಮಳೆಗಾಲದಲ್ಲಿ ಬಚ್ಚಲ ಒಲೆಗೆ ಬೆಂಕಿ ಹಿಡಿಸುವುದು ಸುಲಭ ಅಲ್ಲ. ಸೌದೆ ಒದ್ದೆ, ಮಡಲು ಒದ್ದೆ. ಎರಡು ಹಾಲಿನ ಕವರ್ ಸುರುಳಿ ಮಾಡಿ ಕಡ್ಡಿ ಗೀರಿದರೆ ಭಗ್ಗನೆ ಹತ್ತುತ್ತದೆ. ಹಂಡೆಯ ನೀರು ಕಾಯುವ ಹೊತ್ತಿಗೆ ಅಂಗಳದಲ್ಲೆಲ್ಲ ಆ ವಾಸನೆ. ಅದನ್ನು ನಾವು ಹೊಗೆ ಅಂತ ಮಾತ್ರ ಅಂದುಕೊಂಡಿದ್ದೆವು. ಉಳಿದದ್ದು ತೋಡಿಗೆ. ಜೂನಿನಲ್ಲಿ ಮೊದಲ ನೆರೆ ಬಂದರೆ ತೋಡು ಎಲ್ಲವನ್ನೂ ತೆಗೆದುಕೊಂಡು ಹೋಗುತ್ತಿತ್ತು. ಎಲ್ಲಿಗೆ ಅಂತ ಯಾರು ಕೇಳುತ್ತಾರೆ?

ಮನೆಗೆ ತಿಂಗಳಿಗೆ 50 ರೂಪಾಯಿ, ವಾರಕ್ಕೆ ಒಂದು ಸಲ ಗಾಡಿ. ಸೋಮವಾರ ಮೇಲಿನ ಬದಿ, ಮಂಗಳವಾರ ಶಾಲೆಯ ಬದಿ, ಹೀಗೆ. ಮೊದಲ ತಿಂಗಳು ಎಲ್ಲರ ಜಗಳ 50 ರೂಪಾಯಿಗೆ ಅಂದುಕೊಂಡೆ. ನಿಜವಾದ ಜಗಳ ಏಳು ದಿನ ಕಸ ಎಲ್ಲಿ ಇಡುವುದು ಅಂತ. ಕಸ ಎತ್ತುವುದು, ಸಾಗಿಸುವುದು ಅಂತ ಎಲ್ಲರೂ ಮಾತಾಡುತ್ತಾರೆ. ಇಟ್ಟುಕೊಳ್ಳುವುದರ ಬಗ್ಗೆ ಮಾತೇ ಇಲ್ಲ. ಆದರೆ ಒಂದು ಮನೆಯ ಕಸ ವಾರದಲ್ಲಿ ನನ್ನ ಗಾಡಿಯಲ್ಲಿ ಇರುವುದು ಎರಡು ಗಂಟೆ. ಉಳಿದ ಹೊತ್ತೆಲ್ಲ ಅದು ಆ ಮನೆಯಲ್ಲೇ ಇರಬೇಕಲ್ಲ?

ಎಲ್ಲಿ ಇಡುತ್ತಾರೆ ಅಂದರೆ, ನಾನು ನೋಡದ ಜಾಗ ಇಲ್ಲ. ಮೆಟ್ಟಿಲ ಕೆಳಗೆ, ಕೊಟ್ಟಿಗೆಯ ಅಟ್ಟದಲ್ಲಿ, ಪಂಪ್‌ಶೆಡ್ಡಿನ ಒಳಗೆ. ಒಬ್ಬರು ಹಳೆ ಫ್ರಿಜ್ಜಿನೊಳಗೆ ಇಡುತ್ತಾರೆ, ಅದು ಕೆಟ್ಟ ಮೇಲೆ ಅದಕ್ಕೊಂದು ಕೆಲಸ ಸಿಕ್ಕಿದೆ. ತೊಳೆಯದ ಹಾಲಿನ ಕವರ್ ಗೋಣಿಗೆ ಬಿದ್ದರೆ ಎರಡನೇ ದಿನ ಇರುವೆ, ಮೂರನೇ ದಿನ ವಾಸನೆ, ನಾಲ್ಕನೇ ದಿನ ಇಲಿ. ಐದನೇ ದಿನ ಮನೆಯವರಿಗೆ ಸಿಟ್ಟು ಬಂದು ಎಲ್ಲ ಒಟ್ಟಿಗೆ ಬೆಂಕಿಗೆ. ನಾನು ಹೋಗುವ ಹೊತ್ತಿಗೆ "ಈ ವಾರ ಎಂತ ಸಾ ಇಲ್ಲ" ಅನ್ನುತ್ತಾರೆ. ಅಂಗಳದ ಮೂಲೆಯಲ್ಲಿ ಕರಿ ಬೂದಿ ಕಾಣುತ್ತಾ ಇರುತ್ತದೆ.

ತೊಳೆದು ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ ಅಂದೆ. ಮಾಷ್ಟ್ರ ಮನೆಯ ಟೀಚರ್ ನಕ್ಕರು. "ಹಾಲಿನ ಕವರ್ ತೊಳೆಯಲಿಕ್ಕೆ ನೀರು, ನನ್ನ ಟೈಮು, ಮೇಲಿಂದ ನಿಮಗೆ 50 ರೂಪಾಯಿ. ಲೆಕ್ಕ ಸರಿಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಅರ್ಧ ಲೀಟರಿನ ಕವರ್ ಒಂದು ಮೂರು ಗ್ರಾಮ್ ಕೂಡ ತೂಗುವುದಿಲ್ಲ. ಒಂದು ಕಿಲೋ ಆಗಬೇಕಾದರೆ ಮುನ್ನೂರಕ್ಕೂ ಜಾಸ್ತಿ ಕವರ್ ಬೇಕು. ತೊಳೆದ ಕವರಿಗೆ ಕಿಲೋಗೆ ನಾಲ್ಕು ಕಾಸು ಸಿಗುತ್ತದೆ, ತೊಳೆಯದ್ದಕ್ಕೆ ಏನೂ ಇಲ್ಲ. ಮುಂದಿನ ವಾರ ಟೀಚರಿಗೆ ಇದನ್ನೇ ಹೇಳಿದೆ. ನಾನು ಗೆಲ್ಲಲಿಲ್ಲ. ಆದರೆ ಒಂದು ತಿಂಗಳು ಕಳೆದ ಮೇಲೆ ಅವರ ಹಗ್ಗದಲ್ಲಿ ಕವರ್ ನೇತಾಡುತ್ತಿದ್ದವು. ಯಾಕೆ ಅಂತ ಕೇಳಲಿಲ್ಲ. ಇಲಿ ಕಾರಣ ಇರಬಹುದು.

ಗಾಳಿಯ ವಿಷಯಕ್ಕೆ ವಾಪಸ್ ಬರುತ್ತೇನೆ. ನಮ್ಮ ಗಾಡಿ ಮುಕ್ಕಾಲು ಟನ್ ಹೊರಬಲ್ಲದು. ನಾನು ಹೊರಿಸಿದ್ದು 142 ಕಿಲೋ. ಅರವತ್ತನೇ ಮನೆಯ ಹೊತ್ತಿಗೆ ಜಾಗ ಮುಗಿದಿತ್ತು. ಇನ್ನೂ ನಲವತ್ತು ಮನೆ ಬಾಕಿ. ಘಟಕಕ್ಕೆ ಬಂದು ಖಾಲಿ ಮಾಡಿ ಮತ್ತೆ ಹೋಗಬೇಕಾಯಿತು. ಹೋಗಿ ಬರಲು ಹದಿನಾಲ್ಕು ಕಿಲೋಮೀಟರ್, ಅದರಲ್ಲಿ ಎರಡು ದೊಡ್ಡ ಏರು. ಡೀಸೆಲ್ ಸುಟ್ಟು ಏನು ಸಾಗಿಸಿದೆ? ಒಂದು ಲೀಟರಿನ ನೀರಿನ ಬಾಟಲಿ ತೆಗೆದುಕೊಳ್ಳಿ. ಪ್ಲಾಸ್ಟಿಕ್ಕಿನ ತೂಕ ಇಪ್ಪತ್ತೈದು ಗ್ರಾಮಿನ ಆಸುಪಾಸು. ನಲವತ್ತು ಬಾಟಲಿ ಸೇರಿ ಒಂದು ಕಿಲೋ. ಆ ಒಂದು ಕಿಲೋ ಜೊತೆಗೆ ನಲವತ್ತು ಲೀಟರ್ ಗಾಳಿಯೂ ಗಾಡಿ ಹತ್ತುತ್ತದೆ. ಟಿಕೆಟ್ ಇಲ್ಲದೆ.

ಬೀಡಿಯಲ್ಲಿ ಇಂಥ ಪೋಲು ಮಾಡಿದರೆ ಬ್ರಾಂಚಿನವರು ಬಿಡುತ್ತಿದ್ದರಾ?

ಹಾಗಾಗಿ ಎರಡನೇ ತಿಂಗಳಿಂದ ನನ್ನದೊಂದೇ ಪಾಠ. ಬಾಟಲಿಯ ಮುಚ್ಚಳ ತೆಗೆಯಿರಿ, ತಿರುಚಿ ಚಪ್ಪಟೆ ಮಾಡಿ, ಮತ್ತೆ ಮುಚ್ಚಳ ಹಾಕಿ. ರಟ್ಟಿನ ಪೆಟ್ಟಿಗೆಯ ಟೇಪು ಹರಿದು ಬಿಡಿಸಿ, ಮಡಚಿ ಕಟ್ಟಿ. ಕವರುಗಳನ್ನೆಲ್ಲ ಒಂದು ಕವರಿನ ಒಳಗೆ ತುರುಕಿ. ಮನೆ ಮನೆಯಲ್ಲಿ ನಿಂತು ಮಾಡಿ ತೋರಿಸಿದೆ. ದೊಡ್ಡವರು "ಹ್ಞಾಂ ಹ್ಞಾಂ" ಅಂದರು. ಮಕ್ಕಳಿಗೆ ಮಾತ್ರ ಬಾಟಲಿ ತುಳಿಯುವುದು ಆಟ ಆಯಿತು. ಒಂದು ಮನೆಯ ಹುಡುಗ ವಾರ ಇಡೀ ಬಾಟಲಿ ಕೂಡಿಟ್ಟು, ನನ್ನ ಹಾರ್ನ್ ಕೇಳಿದ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟು ತುಳಿಯುತ್ತಾನೆ. ಐದು ನಿಮಿಷ ಗಾಡಿ ನಿಲ್ಲಿಸಿ ಕಾಯಬೇಕು. ಕಾಯುತ್ತೇನೆ. ಮತ್ತೊಂದು ಟ್ರಿಪ್ಪಿಗಿಂತ ಐದು ನಿಮಿಷ ಲಾಭವೇ.

ಎಲ್ಲಕ್ಕಿಂತ ದೊಡ್ಡ ಪಾಠ ನನಗೇ ಆದದ್ದು ಒಂದು ಮದುವೆಯಿಂದ. ನಮ್ಮ ಪಂಚಾಯತಿನಲ್ಲಿ ಒಂದು ಸಭಾಭವನ ಇದೆ. ಮೇ ತಿಂಗಳಲ್ಲಿ ಒಂದು ದಿನ ಖಾಲಿ ಇರುವುದಿಲ್ಲ. ಎಲೆ, ಅನ್ನ, ಪಾಯಸ ಎಲ್ಲ ಅವರು ಗುಂಡಿಗೆ ಹಾಕುತ್ತಾರೆ. ನಮಗೆ ಬರುವುದು ಬಾಟಲಿ. ಊಟದ ಎಲೆಗೊಂದು ಸಣ್ಣ ನೀರಿನ ಬಾಟಲಿ ಇಡುತ್ತಾರಲ್ಲ, ಅದು. ಸಾವಿರದ ಇನ್ನೂರು ಜನರ ಊಟ. ಮಾರನೇ ದಿನ ಹೋದರೆ ಇಪ್ಪತ್ತು ಗೋಣಿ ಕಟ್ಟಿ ಇಟ್ಟಿದ್ದರು. "ಎಲ್ಲ ಬಾಟಲಿಯೇ ಅಕ್ಕ, ಬೇರೆ ಎಂತದೂ ಇಲ್ಲ, ಕ್ಲೀನ್," ಅಂದ ಅಲ್ಲಿಯ ಹುಡುಗ. ಗೋಣಿ ಎತ್ತಲು ಹೋದೆ. ಅಂದುಕೊಂಡಷ್ಟು ಹಗುರ ಇರಲಿಲ್ಲ. ಬೀಡಿ ಕಟ್ಟಿದ ಕೈಗೆ ಮತ್ತೊಮ್ಮೆ ಮೋಸ.

ಬಿಚ್ಚಿ ನೋಡಿದರೆ ಪ್ರತಿ ಬಾಟಲಿಯಲ್ಲೂ ಎರಡು ಗುಟುಕು, ನಾಲ್ಕು ಗುಟುಕು ನೀರು. ಕೆಲವು ತೆರೆದೇ ಇರಲಿಲ್ಲ. ಮದುವೆಗೆ ಬಂದವರು ಒಂದು ಬಾಯಿ ಕುಡಿದು ಮುಚ್ಚಿ ಇಟ್ಟು ಕೈತೊಳೆಯಲು ಹೋದವರು. ನೀರು ಇದ್ದರೆ ಬಾಟಲಿ ಚಪ್ಪಟೆ ಮಾಡಲು ಆಗುವುದಿಲ್ಲ. ಹಾಗೇ ಹೊತ್ತು ಹೋದರೆ ನೀರನ್ನು ಡೀಸೆಲ್ ಹಾಕಿ ಸಾಗಿಸಿದ ಹಾಗೆ. ಅಕ್ಕ ಮತ್ತು ನಾನು ಸಭಾಭವನದ ಹಿಂದೆ ಕೂತು ಒಂದೊಂದೇ ಮುಚ್ಚಳ ತಿರುಗಿಸಿ ಸುರಿದೆವು. ಮೂರೂವರೆ ಗಂಟೆ. ಮೇ ತಿಂಗಳು, ನಮ್ಮ ಮನೆಯ ಬಾವಿಯಲ್ಲಿ ಕೆಸರು ಬರುತ್ತಿದ್ದ ಸಮಯ. ಕಾಲ ಬುಡದಲ್ಲಿ ಕುಡಿಯುವ ನೀರು ಹರಿದು ಹೋಗುತ್ತಾ ಇತ್ತು. ಅಕ್ಕ ಒಂದು ಕೊಡಪಾನ ತರಿಸಿ ತೆರೆಯದ ಬಾಟಲಿಗಳ ನೀರನ್ನೆಲ್ಲ ಅದಕ್ಕೆ ಸುರಿದರು. ಉಳಿದದ್ದನ್ನು ಅಲ್ಲಿದ್ದ ಮಲ್ಲಿಗೆ ಬುಡಕ್ಕೆ ಬಿಟ್ಟೆವು. ಆ ಗಿಡ ಆ ವರ್ಷ ಒಳ್ಳೆ ಹೂ ಬಿಟ್ಟಿತು ಅಂತ ಅಕ್ಕ ಹೇಳುತ್ತಾರೆ. ನಾನು ನೋಡಿಲ್ಲ.

ಈಗ ಸಭಾಭವನದಲ್ಲಿ ಕೈತೊಳೆಯುವ ಜಾಗದ ಹತ್ತಿರ ಒಂದು ದೊಡ್ಡ ಬಕೆಟ್ ಇಡಿಸಿದ್ದೇವೆ. ನೀರು ಇದಕ್ಕೆ, ಬಾಟಲಿ ಅದಕ್ಕೆ. ಅರ್ಧ ಜನ ಮಾಡುತ್ತಾರೆ. ಒಂದು ಮದುವೆಯಲ್ಲಿ ಸ್ಟೀಲ್ ಲೋಟ ಇಟ್ಟಿದ್ದರು. ಅವತ್ತು ನಮಗೆ ಅಲ್ಲಿ ಕೆಲಸವೇ ಇರಲಿಲ್ಲ. ಆ ಮದುಮಗಳನ್ನು ಈಗಲೂ ನೆನೆಸಿಕೊಳ್ಳುತ್ತೇನೆ.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಬರೆಯುತ್ತೇನೆ. ಮಕ್ಕಳ ಡೈಪರ್ ಮತ್ತು ಹೆಂಗಸರ ಪ್ಯಾಡ್. ಇದನ್ನು ಸರಿಯಾಗಿ ಸುತ್ತಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ಸುತ್ತಿದ ಮೇಲೆ ಒಂದು ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ ಅಂತ ನಾವು ಹೇಳುತ್ತೇವೆ. ಬೇರೆಯಾಗಿ ಕೊಡಲು ಎಲ್ಲರಿಗೂ ನಾಚಿಕೆ. ಹಾಗಾಗಿ ಗೋಣಿಯ ನಡುವೆ, ಕವರುಗಳ ಒಳಗೆ ಅಡಗಿಸಿ ಇಡುತ್ತಾರೆ. ಅವರಿಗೆ ಕಾಣಲಿಲ್ಲ ಅಷ್ಟೆ. ವಿಂಗಡಣೆಗೆ ಕೂತವರ ಕೈಗೆ ಅದೇ ಮೊದಲು ಸಿಗುವುದು. ಒಂದು ನೆನೆದ ಡೈಪರ್ ಇಡೀ ಗೋಣಿ ಒಣ ಕಸವನ್ನು ಒದ್ದೆ ಮಾಡುತ್ತದೆ. ಒದ್ದೆಯಾದ ಕಾಗದವನ್ನು ಯಾರೂ ಕೊಳ್ಳುವುದಿಲ್ಲ.

ಶುಗರಿನ ಇಂಜೆಕ್ಷನ್ ಸೂಜಿಯೂ ಹಾಗೆಯೇ. ಒಂದು ದಿನ ಗ್ಲೌಸ್ ದಾಟಿ ನನ್ನ ಹೆಬ್ಬೆರಳಿಗೆ ಹೊಕ್ಕಿತು. ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಂಡೆ, ರಕ್ತ ಪರೀಕ್ಷೆ ಮಾಡಿಸಿದೆ, ಮತ್ತೆ ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ. ಏನೂ ಆಗಿರಲಿಲ್ಲ. ಆದರೆ ನಡುವಿನ ಆ ತಿಂಗಳುಗಳು ಇದ್ದವಲ್ಲ, ಅದರ ಬಗ್ಗೆ ಬರೆಯಲಾರೆ. ಸೂಜಿ ಯಾವ ಮನೆಯದು ಅಂತ ನನಗೆ ಗೊತ್ತಿತ್ತು. ಮುಂದಿನ ವಾರ ಹೋಗಿ, ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ಕೊಟ್ಟೆ. "ಇದಕ್ಕೆ ಹಾಕಿ ಅಜ್ಜ, ತುಂಬಿದ ಮೇಲೆ ಮುಚ್ಚಿ ನನ್ನ ಕೈಗೇ ಕೊಡಿ," ಅಂದೆ. ನನಗೆ ಏನಾಯಿತು ಅಂತ ಅಜ್ಜನಿಗೆ ಹೇಳಲಿಲ್ಲ. ಅವರು ನನ್ನ ಬೆರಳಿನ ಪಟ್ಟಿ ನೋಡಿದರು. ಅವರೂ ಕೇಳಲಿಲ್ಲ.

ನನ್ನ ತಂಗಿ ಬೆಂಗಳೂರಿನಲ್ಲಿದ್ದಾಳೆ. ಅಲ್ಲಿ ಹೈಕೋರ್ಟ್ 2015ರಲ್ಲಿ ಆದೇಶ ಮಾಡಿದ ಮೇಲೆ ಎರಡು ಬುಟ್ಟಿ, ಒಂದು ಚೀಲ ಅಂತ ಬಂತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡ್ ಡೈಪರಿಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಅವಳ ಮನೆಗೆ ಹೋದಾಗ ಬೆಳಿಗ್ಗೆ ಎದ್ದು ಕಸದ ಆಟೋದ ಹತ್ತಿರ ನಿಂತು ನೋಡಿದೆ. ನೆಂಟರ ಮನೆಗೆ ಹೋಗಿ ಕಸ ನೋಡುವ ಅಭ್ಯಾಸ ನನಗೆ ಮಾತ್ರ ಅಂತ ತಂಗಿ ಬೈದಳು. ನಮ್ಮದು ಗಾಳಿಯ ಕಸ ಆದರೆ ಅವರದು ನೀರಿನ ಕಸ. ಪೇಟೆಯ ಮನೆಯ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಅಡಿಗೆಮನೆಯದು. ತರಕಾರಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಅದನ್ನು ಆಟೋದಲ್ಲಿ ಹೊತ್ತು, ಕಾಂಪ್ಯಾಕ್ಟರಿಗೆ ಹಾಕಿ ಒತ್ತಿ, ಊರ ಹೊರಗೆ ಸಾಗಿಸುತ್ತಾರೆ. ಒತ್ತಿದಾಗ ಬರುವ ಕಪ್ಪು ನೀರು ದಾರಿಯುದ್ದಕ್ಕೂ ಸುರಿಯುತ್ತದೆ. ತಂಗಿಗೆ ತೆಂಗಿನ ಬುಡ ಇಲ್ಲ, ದನ ಇಲ್ಲ, ಎರಡನೇ ಮಹಡಿ. ಅವಳನ್ನು ಏನು ಅಂತ ಬೈಯುವುದು? ಬಾಲ್ಕನಿಯಲ್ಲಿ ಇಡುವ ಗೊಬ್ಬರದ ಡಬ್ಬ ತೆಗೆದುಕೊಂಡಿದ್ದಾಳೆ. ಮೊದಲ ಸಲ ಹುಳ ಆಗಿ ಬಿಸಾಡಿದಳು, ಎರಡನೇ ಸಲ ಒಣಗಿದ ಎಲೆ ಸೇರಿಸಿದ ಮೇಲೆ ಸರಿಯಾಯಿತಂತೆ.

ನೀರು ತುಂಬಿದ ಕಸ ಒಂದೇ ಕಡೆ ರಾಶಿ ಬಿದ್ದರೆ ಏನಾಗುತ್ತದೆ ಅಂತ ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರಕ್ಕೆ ಇಳಿಯಿತು. ಅಡಿಕೆ ತೋಟ, ತೆಂಗಿನ ಮರ, ಮನೆಗಳ ಮೇಲೆ ಕಸ ಹರಿದು ಬಂತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಟಿವಿಯಲ್ಲಿ ನೋಡಿದಾಗ ನಾನು ಬೀಡಿ ಕಟ್ಟುತ್ತಾ ಇದ್ದೆ. ಮಣ್ಣು ಜರಿಯುವುದು ನೋಡಿದ್ದೆವು, ಕಸ ಜರಿಯುವುದು ಅವತ್ತೇ ಮೊದಲು ನೋಡಿದ್ದು. ಅತ್ತೆ "ಅಷ್ಟು ಕಸ ಯಾರ ಮನೆಯದು?" ಅಂತ ಕೇಳಿದ್ದರು. ಮಂಗಳೂರಿನಲ್ಲಿ ನಮ್ಮ ಎಷ್ಟು ಜನ ನೆಂಟರಿದ್ದಾರೆ ಅಂತ ಆಗ ಯೋಚನೆ ಬಂದಿರಲಿಲ್ಲ.

ನಮಗೆ ಮಳೆಗಾಲ ಬೇರೆ ರೀತಿಯ ಕಷ್ಟ. ಗಾಡಿಗೆ ಟಾರ್ಪಲ್ ಹೊದಿಸಿದರೂ ಅಂಚಿನಿಂದ ನೀರು ನುಗ್ಗುತ್ತದೆ. ಜುಲೈಯಲ್ಲಿ ತಕ್ಕಡಿ 190, 200 ತೋರಿಸುತ್ತದೆ. ಪುಸ್ತಕದಲ್ಲಿ ನೋಡಿದರೆ ನಮ್ಮ ಊರು ಮಳೆಗಾಲದಲ್ಲಿ ಜಾಸ್ತಿ ಕಸ ಮಾಡುತ್ತದೆ ಅಂತ ಕಾಣುತ್ತದೆ. ಮೀಟಿಂಗಿನಲ್ಲಿ ಒಬ್ಬರು "ಮಳೆಗಾಲದಲ್ಲಿ ಜನ ಮನೆಯಲ್ಲೇ ಕೂತು ತಿನ್ನುತ್ತಾರೆ, ಅದಕ್ಕೆ" ಅಂತ ವಿವರಣೆಯನ್ನೂ ಕೊಟ್ಟರು. ಅದು ಮಳೆಯ ನೀರು ಸ್ವಾಮಿ ಅಂತ ಹೇಳಿದೆ. ಈಗ ಒಣಗಿಸಿ ತೂಕ ಮಾಡುತ್ತೇವೆ.

ಎಲ್ಲ ವಿಂಗಡಿಸಿದ ಮೇಲೆ ನಮ್ಮ ಒಣ ಕಸ ನಿಟ್ಟೆಗೆ ಹೋಗುತ್ತದೆ. ಅಲ್ಲಿ ದಿನಕ್ಕೆ ಹತ್ತು ಟನ್ ಒಣ ಕಸ ವಿಂಗಡಿಸುವ ಸಾಮರ್ಥ್ಯದ ಎಂಆರ್‌ಎಫ್ ಇದೆ, ಸುತ್ತಲಿನ ಹಲವು ಪಂಚಾಯತುಗಳ ಕಸ ಅಲ್ಲಿಗೇ. ಒಂದು ಸಲ ನಮ್ಮನ್ನೆಲ್ಲ ನೋಡಲು ಕರೆದುಕೊಂಡು ಹೋದರು. ಬೆಲ್ಟಿನ ಮೇಲೆ ಕಸ ನಡೆದು ಬರುತ್ತದೆ. ಎರಡು ಬದಿಯಲ್ಲಿ ನಿಂತವರು ತಮ್ಮ ತಮ್ಮ ಪಾಲಿನದ್ದನ್ನು ಹೆಕ್ಕಿ ಗೂಡಿಗೆ ಹಾಕುತ್ತಾರೆ. ನಾವು ಪ್ಲಾಸ್ಟಿಕ್ ಅಂತ ಒಂದೇ ಹೆಸರಿನಲ್ಲಿ ಕರೆಯುವುದಕ್ಕೆ ಅಲ್ಲಿ ಬೆರಳಲ್ಲಿ ಎಣಿಸಿ ಮುಗಿಯದಷ್ಟು ಹೆಸರು. ಬಾಟಲಿ ಬೇರೆ, ಮುಚ್ಚಳ ಬೇರೆ, ಶಾಂಪೂ ಡಬ್ಬ ಬೇರೆ, ಹಾಲಿನ ಕವರ್ ಬೇರೆ. ಬಿಸ್ಕೆಟ್, ಚಿಪ್ಸಿನ ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ಕವರಿಗೆ ಬೆಲೆಯೇ ಇಲ್ಲ. ಅಂಥದ್ದು ಸಿಮೆಂಟ್ ಫ್ಯಾಕ್ಟರಿಯ ಒಲೆಗೆ. ಚಿಪ್ಸ್ ಪ್ಯಾಕೆಟಿನಲ್ಲಿ ಮಾರುವಾಗಲೇ ಅರ್ಧ ಗಾಳಿ, ಬಿಸಾಡಿದ ಮೇಲಂತೂ ಕೇಳುವುದೇ ಬೇಡ.

ನಾನು ನಿಂತು ನೋಡಿದ್ದು ಮಾತ್ರ ಒಂದೇ ಯಂತ್ರವನ್ನು. ಬೇಲಿಂಗ್ ಮಷೀನ್. ನನ್ನ ಗಾಡಿ ತುಂಬುವಷ್ಟು ಬಾಟಲಿಯನ್ನು ಅದರ ಹೊಟ್ಟೆಗೆ ಹಾಕಿದರು. ಮೇಲಿಂದ ಕಬ್ಬಿಣದ ಹಲಗೆ ಮೆಲ್ಲಗೆ ಇಳಿಯಿತು. ಒಳಗಿನ ಬಾಟಲಿಗಳು ಪಟ್ ಪಟ್ ಅಂತ ಸಿಡಿದವು, ದೀಪಾವಳಿಯ ಹಾಗೆ. ಮತ್ತೆ ಹಾಕಿದರು, ಮತ್ತೆ ಒತ್ತಿದರು. ಕೊನೆಗೆ ತಂತಿ ಕಟ್ಟಿ ಹೊರಗೆ ತಳ್ಳಿದಾಗ ಒಂದು ಕೆಂಪುಕಲ್ಲಿನ ಗೋಡೆಯ ತುಂಡಿನ ಹಾಗೆ ಚೌಕ ಮುದ್ದೆ. ಅಲ್ಲಾಡಿಸಲು ನೋಡಿದೆ. ಅಲುಗಲಿಲ್ಲ. ಅಷ್ಟು ತಿಂಗಳು ನಾನು ಹೊತ್ತ ಗಾಳಿ ಎಲ್ಲ ಆ ಪಟ್ ಪಟ್ ಶಬ್ದದಲ್ಲಿ ಹೊರಗೆ ಹೋಗಿತ್ತು.

ಅಕ್ಕ ಕಿವಿಯಲ್ಲಿ ಹೇಳಿದರು, "ಇಂಥದ್ದೊಂದು ನಮ್ಮ ಶೆಡ್ಡಿಗೆ ಬೇಕು." ಬೆಲೆ ಕೇಳಿದ ಮೇಲೆ ಇಬ್ಬರೂ ಸುಮ್ಮನಾದೆವು. ಈಗ ನಮ್ಮ ಬೇಲಿಂಗ್ ಮಷೀನ್ ಅಂದರೆ ಅಕ್ಕನ ಕಾಲು ಮತ್ತು ನನ್ನ ಕಾಲು. ಆದರೂ ಹೋದ ಮಂಗಳವಾರ ಶಾಲೆಯ ಬದಿಯ ನೂರು ಮನೆ ಒಂದೇ ಟ್ರಿಪ್ಪಿನಲ್ಲಿ ಮುಗಿಯಿತು. ತಕ್ಕಡಿ 236 ಹೇಳಿತು, ಒಣಗಿದ್ದೇ. ಶಾಲೆಯವರ ಹಳೆ ನೋಟ್‌ಬುಕ್ಕು ಒಂದು ಕಟ್ಟು ಇತ್ತು ಅನ್ನಿ.

ಅತ್ತೆ ಈಗ ಜಗಲಿಯಲ್ಲಿ ಕೂತು ರಟ್ಟಿನ ಪೆಟ್ಟಿಗೆ ಬಿಡಿಸುತ್ತಾರೆ. ನಮ್ಮ ಮನೆಯದ್ದು ಮಾತ್ರ ಅಲ್ಲ, ಆಚೆಮನೆಯದ್ದೂ. "ಟೇಪು ಸಮೇತ ಕೊಟ್ಟಿದ್ದಾರೆ ನೋಡು, ಬುದ್ಧಿ ಇಲ್ಲದವರು," ಅಂತ ಬೈಯುತ್ತಾ.

ನಾನು ಸೋತದ್ದು ಒಂದಕ್ಕೆ, ಥರ್ಮಕೋಲಿಗೆ. ಮಲ್ಪೆಯಿಂದ ಮೀನು ಬರುವುದು ಥರ್ಮಕೋಲ್ ಪೆಟ್ಟಿಗೆಯಲ್ಲಿ. ನಮ್ಮ ಊರಿನ ಮೀನಿನ ಅಂಗಡಿಯವರು ಒಡೆದ ಪೆಟ್ಟಿಗೆಗಳನ್ನು ನನಗೆ ಕೊಡುತ್ತಾರೆ. ಅದರಲ್ಲಿ ನೂರಕ್ಕೆ 98 ಪಾಲು ಗಾಳಿಯೇ. ಅದನ್ನು ತುಳಿದರೆ ಚಪ್ಪಟೆ ಆಗುವುದಿಲ್ಲ, ಹುಡಿಯಾಗಿ ಊರಿಡೀ ಹಾರುತ್ತದೆ. ಮೇಲಿಂದ ಮೀನಿನ ವಾಸನೆ. ಬೇಡ ಅಂದರೆ ಅವರು ತೋಡಿಗೆ ಎಸೆಯುತ್ತಾರೆ ಅಂತ ಗೊತ್ತು. ಹಾಗಾಗಿ ತರುತ್ತೇನೆ. ಎರಡು ಪೆಟ್ಟಿಗೆಗೆ ಅಕ್ಕ ಮಣ್ಣು ತುಂಬಿ ಬಸಳೆ ಬಳ್ಳಿ ನೆಟ್ಟಿದ್ದಾರೆ. ಶೆಡ್ಡಿನ ಕಂಬಕ್ಕೆ ಹಬ್ಬಿದೆ, ಮೊನ್ನೆ ಬಸಳೆಗೆ ಒಣಸಿಗಡಿ ಹಾಕಿ ಸಾರು ಮಾಡಿ ತಂದಿದ್ದರು. ಉಳಿದ ಹನ್ನೊಂದು ಪೆಟ್ಟಿಗೆ ಶೆಡ್ಡಿನ ಹಿಂದೆ ಹಾಗೇ ಇವೆ. ಶುಕ್ರವಾರ ಮೀನಿನ ಅಂಗಡಿಯ ಸರದಿ. ಇನ್ನೂ ನಾಲ್ಕು ಇವೆ ಅಂತ ಆಗಲೇ ಫೋನ್ ಬಂದಿದೆ.